ನೆರಳಿನ ಪಾತಿಗೆ ನೀಲಿ ಹೂ: ಮೂರು ಗಿಡಗಳ ಹೋಲಿಕೆ

ಎಲೆ ಉದುರಿಸುವ ಮರಗಳ ಕೆಳಗೆ ಒಂದೇ ಪಾತಿ ಮಾಡಿ, ಒಂದೇ ಎಲೆಗೊಬ್ಬರ ಹಾಕಿ, ನೀಲಿ ಹೂ ಬಿಡುವ ಮೂರು ಬಹುವಾರ್ಷಿಕ ಗಿಡಗಳನ್ನು ನಾಲ್ಕು ವರ್ಷ ಬೆಳೆಸಿದ್ದೇನೆ: ಹಿಮಾಲಯದ ನೀಲಿ ಗಸಗಸೆಯೆಂದು ಹೆಸರಾದ ಮೆಕನಾಪ್ಸಿಸ್, ಕಾಕಸಸ್ ಮೂಲದ ಬ್ರುನೆರಾ, ಚೀನಾದ ಸಿಚುವಾನಿನ ಕೊರಿಡಾಲಿಸ್ ಫ್ಲೆಕ್ಸುವೋಸಾ. ಮೂರೂ ಹಿಮವನ್ನು ತಾಳಿಕೊಂಡವಾದರೂ ಬೇಸಿಗೆಯನ್ನು ಎದುರಿಸಿದ ಬಗೆ ಬೇರೆ ಬೇರೆ.

ಬಣ್ಣವೊಂದನ್ನೇ ನೋಡುವುದಾದರೆ ಮೆಕನಾಪ್ಸಿಸ್‌ಗೆ ಸಾಟಿಯಿಲ್ಲ. ಬ್ರಿಟಿಷ್ ಸಸ್ಯಾನ್ವೇಷಕ ಫ್ರಾಂಕ್ ಕಿಂಗ್ಡನ್-ವಾರ್ಡ್ 1924ರಲ್ಲಿ ಟಿಬೆಟ್ಟಿನಲ್ಲಿ ಬೀಜ ಸಂಗ್ರಹಿಸಿದ ಮೇಲೆ ತೋಟಗಳಿಗೆ ಹಬ್ಬಿದ ಬೈಲಿಯೈ ಪ್ರಭೇದವನ್ನೇ ನಾನು ಮೊದಲು ಬಿತ್ತಿದ್ದು. ಹೊರಗೆ ಇಟ್ಟಿದ್ದ ಹಳೆಯ ಬೀಜ ಒಂದೂ ಮೊಳೆಯಲಿಲ್ಲ. ಫ್ರಿಜ್‌ನಲ್ಲಿ ಇಟ್ಟು, ಮಣ್ಣಿನ ಮೇಲೆಯೇ ಉದುರಿಸಿ, ಚಳಿಗೆ ಒಡ್ಡಿದ ಬೀಜ ಚೆನ್ನಾಗಿ ಮೊಳೆಯಿತು. ಆದರೆ ಮೊದಲ ಸಲ ಹೂ ಬಿಟ್ಟ ಹಲವು ಗಿಡಗಳು ಅಲ್ಲಿಗೇ ಸತ್ತವು. ಮರುವರ್ಷ ಎಳೆಯ ಗಿಡಗಳ ಮೊದಲ ಹೂಕಾಂಡವನ್ನು, ಮನಸ್ಸಿಲ್ಲದ ಮನಸ್ಸಿನಿಂದ, ಚಿವುಟಿ ಹಾಕಿದಾಗ ಬುಡದಲ್ಲಿ ಪಕ್ಕದ ಚಿಗುರುಗಳು ಒಡೆದು ಗಿಡ ಉಳಿಯಿತು. ಲಿಂಗ್‌ಹೋಮ್ ಎಂಬ ಮಿಶ್ರತಳಿ ಇದಕ್ಕಿಂತ ಗಟ್ಟಿ; ಅದು ಬೀಜವನ್ನೂ ಕಟ್ಟುತ್ತದೆ, ಬುಡ ಬಿಡಿಸಿಯೂ ನೆಡಬಹುದು. ಈ ಕುಲದ ಗಿಡಗಳಿಗೆ ಆಮ್ಲೀಯವಾದ, ಸದಾ ತೇವವಿರುವ, ಆದರೆ ಚಳಿಗಾಲದಲ್ಲಿ ನೀರು ನಿಲ್ಲದ ಮಣ್ಣು ಬೇಕು. ನೀರು ನಿಂತರೆ ಬುಡ ಕೊಳೆಯುತ್ತದೆ. ಬೇಸಿಗೆ ಬಿಸಿಯೇರಿ ಮಣ್ಣು ಒಣಗಿದ ವರ್ಷ ಹೂವಿನ ನೀಲಿ ನೇರಳೆಗೆ ತಿರುಗಿದ್ದನ್ನೂ ನೋಡಿದೆ.

ಬ್ರುನೆರಾ ಇಷ್ಟೆಲ್ಲ ಉಪಚಾರ ಕೇಳಲಿಲ್ಲ. ಹೂ ತೀರ ಚಿಕ್ಕದು. ಹತ್ತಿರ ಹೋಗದೆ ಅದರ ಚೆಂದ ತಿಳಿಯದು. ಹೂ ಮುಗಿದ ಮೇಲೆ ಹೃದಯಾಕಾರದ ಎಲೆಗಳು ದೊಡ್ಡದಾಗಿ ಹರಡಿ ಶರತ್ಕಾಲದವರೆಗೂ ನೆಲ ಮುಚ್ಚುತ್ತವೆ, ನೀರು ಕಡಿಮೆಯಾದರೆ ಅಂಚು ಕಂದುತ್ತದೆ, ಅಷ್ಟೇ. ಬೆಳ್ಳಿಬಣ್ಣದ ಎಲೆಯ ಜ್ಯಾಕ್ ಫ್ರಾಸ್ಟ್ ತಳಿಯ ಸುತ್ತ ಬೀಜ ಬಿದ್ದು ಹುಟ್ಟಿದ ಸಸಿಗಳು ಹಸಿರೆಲೆಯವೇ ಆಗಿದ್ದರಿಂದ ತಳಿ ಉಳಿಸಿಕೊಳ್ಳಲು ಬುಡವನ್ನೇ ಬಿಡಿಸಿ ನೆಟ್ಟೆ. ಬೇಸಿಗೆ ತಂಪಾಗಿರುತ್ತದೆಂಬ ಭರವಸೆ ಇಲ್ಲದವರಿಗೆ ನಾನು ಇದನ್ನೇ ಸೂಚಿಸುತ್ತೇನೆ. ತಂಪೂ ತೇವವೂ ಖಚಿತವಾಗಿದ್ದರೆ ಮಾತ್ರ ಗಸಗಸೆಯ ಆಸೆ ಪಡಬಹುದು.

ಕೊರಿಡಾಲಿಸ್ ಹೂವಿನ ನೀಲಿ ಗಸಗಸೆಗೆ ಹತ್ತಿರ, ಸ್ವಭಾವದಲ್ಲಿ ಸಂಕೋಚದ ಗಿಡ. ಶರತ್ಕಾಲದಲ್ಲೇ ಎಲೆ ಚಿಗುರಿಸಿ, ವಸಂತದಲ್ಲಿ ಹೂ ಬಿಟ್ಟು, ಬಿಸಿಲು ಏರುತ್ತಿದ್ದಂತೆ ನೆಲದೊಳಗೆ ಅಡಗುತ್ತದೆ. ಮೊದಲ ಬೇಸಿಗೆಯಲ್ಲಿ ಸತ್ತಿತೆಂದುಕೊಂಡು ಆ ಜಾಗವನ್ನು ಅಗೆದು ಅರ್ಧದಷ್ಟು ಬೇರುಗಳನ್ನು ಕತ್ತರಿಸಿಬಿಟ್ಟೆ. ಈಗ ಅದರ ಸುತ್ತ ನಾಲ್ಕು ಕಡ್ಡಿ ನೆಟ್ಟಿರುತ್ತೇನೆ.