ಮೊದಲು ಮುಟ್ಟಿದರೆ ಸಾಲದು: ಮಿಲ್ ಬೋರ್ನ್ ಆಟದಲ್ಲಿ ನಾನು ಆಡಿ ನೋಡಿದ ಮೂರು ದಾರಿ

ಆ ಶನಿವಾರ ರಾತ್ರಿ ನನ್ನ ಗಾಡಿ ಸಾವಿರ ಕಿಲೋಮೀಟರ್ ಮುಟ್ಟಿದಾಗ ಅಣ್ಣನ ಮಗ ಇನ್ನೂ 700ರಲ್ಲಿದ್ದ. ಅವನು ಪುಣೆಯ ಕೋಥ್ರೂಡ್‌ನಲ್ಲಿ, ನಾನು ಡೊಂಬಿವಲಿಯಲ್ಲಿ. ಫೋನ್‌ನ ಸ್ಪೀಕರ್ ಹಾಕಿಕೊಂಡು ಮಾತಾಡುತ್ತಾ ಇಸ್ಪೀಟು ಎಲೆಗಳ ಈ ಕಾರ್ ರೇಸ್ ಆಡುತ್ತಿದ್ದೆವು. ಗೆದ್ದೆ ಅಂತ ನಾನು ಜೋರಾಗಿ ಕೂಗಿದೆ. ಅವನು ನಿಧಾನಕ್ಕೆ, "ಅತ್ತೆ, ಪಾಯಿಂಟ್ಸ್ ಒಮ್ಮೆ ನೋಡಿ" ಅಂದ. ನನಗೆ 1400. ಅವನಿಗೆ 1500.

ಲೆಕ್ಕ ಸರಿಯಾಗಿಯೇ ಇತ್ತು. ನನಗೆ ದೂರಕ್ಕೆ 1000, ಊರು ಮುಟ್ಟಿದ್ದಕ್ಕೆ 400. ಅವನಿಗೆ ದೂರಕ್ಕೆ 700 ಮಾತ್ರ. ಆದರೆ ನಾನು ಅವನ ದಾರಿಗೆ ಅಡ್ಡ ಹಾಕಿದ ಎರಡು ಎಲೆಗಳಿಗೆ ಅವನು ಅಲ್ಲೇ ಉತ್ತರ ಕೊಟ್ಟಿದ್ದ. ಅದರಿಂದ ಒಂದೊಂದಕ್ಕೆ 400ರಂತೆ 800 ಬಂದಿತ್ತು. ಅಂದರೆ ಅವನನ್ನು ಗೆಲ್ಲಿಸಿದ್ದು ನನ್ನದೇ ಎಲೆಗಳು. ಅವತ್ತಿನಿಂದ ಈ ಆಟವನ್ನು ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ.

ಆಟದ ಹೆಸರು ಮಿಲ್ ಬೋರ್ನ್. ಫ್ರೆಂಚ್‌ನಲ್ಲಿ ಸಾವಿರ ಮೈಲುಗಲ್ಲು ಅಂತ ಅರ್ಥ. 1954ರಲ್ಲಿ ಫ್ರಾನ್ಸ್‌ನ ಎಡ್ಮೋ ದ್ಯುಜಾರ್ದಾಂ ಇದನ್ನು ಹೊರತಂದರು. ಅದಕ್ಕೂ ಮೊದಲು, 1906ರಲ್ಲೇ, ಅಮೆರಿಕದಲ್ಲಿ ಟೂರಿಂಗ್ ಅನ್ನುವ ಇಂಥದ್ದೇ ಇಸ್ಪೀಟು ಆಟ ಇತ್ತು. ಇದು ಕಾರ್ ರೇಸ್, ಆದರೆ ಪೂರ್ತಿ ಎಲೆಗಳಲ್ಲೇ ನಡೆಯುತ್ತದೆ. ಮುಟ್ಟಬೇಕಾದ ದೂರ 1000 ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಹೆಚ್ಚು ಕಡಿಮೆ ಮುಂಬೈಯಿಂದ ಬೆಂಗಳೂರು. ನಾವು ಫೋನ್‌ನಲ್ಲಿ ನಮ್ಮದೇ ಟೇಬಲ್ ಹಾಕಿಕೊಂಡು, ಹಳೆಯ ನಿಯಮದಂತೆ ಆಡುತ್ತೇವೆ.

ಕಟ್ಟಿನಲ್ಲಿ 106 ಎಲೆ. ಕೈಯಲ್ಲಿ ಯಾವಾಗಲೂ 6. ಸರದಿ ಬಂದಾಗ ಒಂದು ಎತ್ತಬೇಕು, ಒಂದು ಇಳಿಸಬೇಕು, ಇಲ್ಲವೇ ಒಂದು ಬಿಸಾಕಬೇಕು. ದೂರದ ಎಲೆಗಳು 25, 50, 75, 100, 200. ಹೊರಡಲು ಗ್ರೀನ್ ಸಿಗ್ನಲ್ ಬೇಕು. ಎದುರಾಳಿಯನ್ನು ತಡೆಯಲು ಆಕ್ಸಿಡೆಂಟ್, ಪೆಟ್ರೋಲ್ ಖಾಲಿ, ಪಂಕ್ಚರ್ ಎಲೆಗಳಿವೆ, ತಲಾ 3. ಜೊತೆಗೆ ರೆಡ್ ಸಿಗ್ನಲ್ 5, ಸ್ಪೀಡ್ ಲಿಮಿಟ್ 4. ಒಟ್ಟು 18 ಅಡ್ಡಿ. ಪ್ರತಿ ಅಡ್ಡಿಗೂ ಪರಿಹಾರದ ಎಲೆ ಇದೆ: ರಿಪೇರಿ, ಪೆಟ್ರೋಲ್, ಸ್ಟೆಪ್ನಿ, ಹೀಗೆ. ಇವೆಲ್ಲದರ ಮೇಲೆ ನಾಲ್ಕು ರಕ್ಷಣೆಯ ಎಲೆಗಳು. ಒಂದು ಇಳಿಸಿದರೆ ಆ ಬಗೆಯ ಅಡ್ಡಿ ಆ ಸುತ್ತು ಮುಗಿಯುವವರೆಗೆ ನಮಗೆ ತಾಗುವುದಿಲ್ಲ. ಒಟ್ಟು 5000 ಪಾಯಿಂಟ್ ಮೊದಲು ದಾಟಿದವರು ಗೆದ್ದ ಹಾಗೆ.

ಈ ಮಳೆಗಾಲದಲ್ಲಿ ನಾನು ಮೂರು ದಾರಿಗಳನ್ನು ಬೇರೆ ಬೇರೆಯಾಗಿ ಆಡಿ ನೋಡಿದೆ. ಒಂದೊಂದು ದಾರಿಯಲ್ಲಿ 20 ಸುತ್ತು, ಎಲ್ಲಾ ಇಬ್ಬರ ಆಟ. ಎದುರಿಗೆ ಅಣ್ಣನ ಮಗ, ಇಲ್ಲವೇ ಮಾಟುಂಗಾದಲ್ಲಿರುವ ನನ್ನ ಮೈದುನ. ಬೆಳಿಗ್ಗೆ ಲೋಕಲ್ ಟ್ರೈನಿನಲ್ಲಿ ಸೀಟು ಸಿಕ್ಕ ದಿನ ಥಾಣೆ ಬರುವುದರೊಳಗೆ ಅರ್ಧ ಸುತ್ತು ಆಗುತ್ತಿತ್ತು. ಉಳಿದದ್ದು ರಾತ್ರಿ ಅಡುಗೆ ಮುಗಿಸಿದ ಮೇಲೆ. ಮಗಳ ಹಳೆಯ ನೋಟ್‌ಬುಕ್‌ನಲ್ಲಿ ಪ್ರತಿ ಸುತ್ತಿನ ಪಾಯಿಂಟ್ ಬರೆದಿಟ್ಟೆ. ಮನೆಯಲ್ಲಿ ಈ ದಾರಿಗಳಿಗೆ ನಾವೇ ಹೆಸರು ಇಟ್ಟುಕೊಂಡೆವು: ಫಾಸ್ಟ್ ಲೋಕಲ್, ಸ್ಲೋ ಲೋಕಲ್, ಚೈನ್ ಎಳೆಯೋದು.

ಫಾಸ್ಟ್ ಲೋಕಲ್ ಅಂದರೆ ದೊಡ್ಡ ಎಲೆ ಸಿಕ್ಕ ತಕ್ಷಣ ಇಳಿಸುವುದು. ಒಂದು ಸುತ್ತಿನಲ್ಲಿ ಒಬ್ಬರು 200ರ ಎಲೆ ಎರಡು ಸಲ ಮಾತ್ರ ಇಳಿಸಬಹುದು. ಎರಡು 200, ಆರು 100 ಸಿಕ್ಕರೆ ಎಂಟೇ ಎಲೆಗಳಲ್ಲಿ ಊರು ಬರುತ್ತದೆ. ಅಷ್ಟು ಅದೃಷ್ಟ ನನಗೆ ಒಮ್ಮೆಯೂ ಬರಲಿಲ್ಲ, ಆದರೂ ವೇಗ ಚೆನ್ನಾಗಿಯೇ ಇತ್ತು. 20ರಲ್ಲಿ 11 ಸಲ ನಾನೇ ಮೊದಲು ಮುಟ್ಟಿದೆ. ಪಾಯಿಂಟ್‌ನಲ್ಲಿ ಮುಂದೆ ಇದ್ದದ್ದು 7 ಸಲ. ಮೊದಲು ಮುಟ್ಟಿಯೂ ನಾಲ್ಕು ಸುತ್ತು ಸೋತಿದ್ದೇನೆ. ಈ ದಾರಿಯಲ್ಲಿ ಊರು ಮುಟ್ಟಿದರೂ ಬರುವುದು 1400. ಅದರ ಮೇಲೆ ಏನಾದರೂ ಬಂದರೆ ಅದು ಎಲೆ ಬಿದ್ದ ಅದೃಷ್ಟ.

ಸ್ಲೋ ಲೋಕಲ್‌ನಲ್ಲಿ 200ರ ಎಲೆಯನ್ನೇ ಮುಟ್ಟುವುದಿಲ್ಲ. ಅದಿಲ್ಲದೆ ಸಾವಿರ ಮುಟ್ಟಿದರೆ 300 ಪಾಯಿಂಟ್ ಜಾಸ್ತಿ. ಅಲ್ಲಿಗೆ 1700 ಆಯಿತು. ಬದಲಿಗೆ ನಾವು ಕೊಡುವುದು ಏನು? ಎರಡು 200 ಬಿಟ್ಟರೆ ಆ 400 ಕಿಲೋಮೀಟರನ್ನು ಚಿಕ್ಕ ಎಲೆಗಳಲ್ಲಿ ತುಂಬಬೇಕು. ಕಟ್ಟಿನಲ್ಲಿ 100ರ ಎಲೆ 12 ಮಾತ್ರ, ಅದೂ ಇಬ್ಬರಿಗೆ ಸೇರಿ. ಹಾಗಾಗಿ ಐದಾರು ಎಲೆ ಬೇಕಾಗುತ್ತದೆ, ಅಂದರೆ ಮೂರು ನಾಲ್ಕು ಸರದಿ ಜಾಸ್ತಿ. ನಾನು ಆಡಿ ನೋಡಿದ ಮಟ್ಟಿಗೆ ಆ 300ಕ್ಕೆ ಇದು ದುಬಾರಿ ಅಲ್ಲ. ಇನ್ನೊಂದು ಲಾಭವೂ ಇದೆ. ನನ್ನ ಕೈಗೆ ಬಂದ 200 ಅನ್ನು ಬಿಸಾಕಿದರೆ ಅದು ಆ ಸುತ್ತಿನಲ್ಲಿ ಮತ್ತೆ ಬರುವುದಿಲ್ಲ, ಎದುರಾಳಿಗೂ ಸಿಗುವುದಿಲ್ಲ. ಮೈದುನನಿಗೆ ಮೊದಮೊದಲು ಇದು ನೋಡಲು ಆಗುತ್ತಿರಲಿಲ್ಲ. "ಅತ್ತಿಗೆ, ಬಂಗಾರದಂಥ ಎಲೆ ಬಿಸಾಡ್ತೀರಲ್ಲ" ಅಂತ ಸಂಕಟಪಡುತ್ತಿದ್ದ.

ಆದರೆ ಸ್ಲೋ ಲೋಕಲ್‌ನ ನಿಜವಾದ ಬಲ ಆ 300 ಅಲ್ಲ. ಕಾಯುವ ಅಭ್ಯಾಸ. ಇಲ್ಲಿ ಸ್ವಲ್ಪ ಹೊತ್ತು ನಿಂತು ಹೇಳಬೇಕು, ಯಾಕೆಂದರೆ ನನ್ನ ಪ್ರಕಾರ ಇಡೀ ಆಟ ಇರುವುದು ಇಲ್ಲೇ.

ರಕ್ಷಣೆಯ ಎಲೆಯನ್ನು ಸುಮ್ನೆ ಇಳಿಸಿದರೆ 100. ಅದನ್ನೇ ಕೈಯಲ್ಲಿ ಇಟ್ಟುಕೊಂಡು, ಎದುರಾಳಿ ಅದಕ್ಕೆ ಸರಿಯಾದ ಅಡ್ಡಿ ಹಾಕಿದ ಕ್ಷಣದಲ್ಲೇ ಇಳಿಸಿದರೆ 100ರ ಜೊತೆಗೆ 300. ಇದಕ್ಕೆ ಕೂ ಫುರೆ ಅನ್ನುತ್ತಾರೆ. ಕತ್ತಿವರಸೆಯಿಂದ ಬಂದ ಮಾತು ಅದು. ಪಾಯಿಂಟ್ ಅಷ್ಟೇ ಅಲ್ಲ, ಅಡ್ಡಿಯೂ ಹೋಗುತ್ತದೆ, ಆಡುವ ಸರದಿಯೂ ನಮಗೇ ಬರುತ್ತದೆ. 400 ಅಂದರೆ ಊರು ಮುಟ್ಟಿದ್ದಕ್ಕೆ ಕೊಡುವಷ್ಟೇ. ಎರಡು ಕೂ ಫುರೆ ಮಾಡಿದವನು 300 ಕಿಲೋಮೀಟರ್ ಹಿಂದೆ ಇದ್ದರೂ ಮುಂದೆ ಹೋಗಬಹುದು ಅಂತ ಕೋಥ್ರೂಡ್‌ನ ಹುಡುಗ ತೋರಿಸಿದ್ದ ಅಲ್ವಾ?

ಹಾಗಂತ ನಾಲ್ಕನ್ನೂ ಕೈಯಲ್ಲಿ ಹಿಡಿದು ಕೂರಲು ಆಗುವುದಿಲ್ಲ. ಒಮ್ಮೆ ನನಗೆ ಮೂರು ರಕ್ಷಣೆ ಒಟ್ಟಿಗೆ ಬಂದವು. ಮೂರನ್ನೂ ಬಿಗಿಯಾಗಿ ಹಿಡಿದೆ. ಜೊತೆಗೆ ಒಂದು ಗ್ರೀನ್ ಸಿಗ್ನಲ್, ಒಂದು ಪೆಟ್ರೋಲ್ ಇಟ್ಟುಕೊಂಡೆ. ಉಳಿದದ್ದು ಒಂದೇ ಜಾಗ. ಸರದಿಗೊಂದು ಎಲೆ ಎತ್ತುವುದು, ಅದನ್ನೇ ಇಳಿಸುವುದು ಅಥವಾ ಬಿಸಾಕುವುದು, ಇಷ್ಟೇ ಆಯಿತು. ಎದುರಾಳಿ ಊರು ಮುಟ್ಟಿಬಿಟ್ಟ. ಸುತ್ತು ಮುಗಿದಾಗ ಕೈಯಲ್ಲೇ ಉಳಿದ ರಕ್ಷಣೆಗೆ ಒಂದು ಪಾಯಿಂಟೂ ಇಲ್ಲ. ಮೂರಕ್ಕೂ ಸೊನ್ನೆ. ಆ ಸುತ್ತು ನನಗೆ ತುಂಬಾ ನೋವು ಕೊಟ್ಟಿತು.

ಹಾಗಾದರೆ ಯಾವುದನ್ನು ಹಿಡಿಯಬೇಕು? ಎಲೆ ಎಣಿಸಿದರೆ ಉತ್ತರ ಸಿಗುತ್ತದೆ. ಪಂಕ್ಚರ್ ಆಗದ ಟಯರ್, ಎಕ್ಸ್‌ಟ್ರಾ ಟ್ಯಾಂಕ್, ಪಕ್ಕಾ ಡ್ರೈವರ್, ಈ ಮೂರಕ್ಕೆ ಒಂದೊಂದೇ ಬಗೆಯ ಅಡ್ಡಿ, ತಲಾ 3 ಎಲೆ. ಆದರೆ ದಾರಿ ಬಿಡಿ ಅನ್ನುವ ನಾಲ್ಕನೆಯದು, ನಾವು ಆಂಬುಲೆನ್ಸ್ ಅಂತ ಕರೆಯುವ ಎಲೆ, ರೆಡ್ ಸಿಗ್ನಲ್‌ಗೂ ಸ್ಪೀಡ್ ಲಿಮಿಟ್‌ಗೂ ಎರಡಕ್ಕೂ ನಡೆಯುತ್ತದೆ. 5 ಮತ್ತು 4, ಒಟ್ಟು 9. ಇಡೀ ಕಟ್ಟಿನ 18 ಅಡ್ಡಿಗಳಲ್ಲಿ ಸರಿಯಾಗಿ ಅರ್ಧ! ಅದಕ್ಕೇ ಆಂಬುಲೆನ್ಸ್ ಬಂದರೆ ನಾನು ಹಿಡಿಯುತ್ತೇನೆ. ಬೇರೆ ಮೂರರಲ್ಲಿ ಒಂದನ್ನು ಮಾತ್ರ ಜೊತೆಗೆ ಇಟ್ಟುಕೊಳ್ಳುತ್ತೇನೆ, ಅದೂ ಅದರ ಅಡ್ಡಿ ಇನ್ನೂ ಒಂದೂ ಕಾಣದಿದ್ದರೆ. ಉದಾಹರಣೆಗೆ ಎರಡು ಆಕ್ಸಿಡೆಂಟ್ ಆಗಲೇ ಆಗಿಹೋಗಿದ್ದರೆ, ಅಥವಾ ನನ್ನ ಕೈಯಲ್ಲೇ ಇದ್ದರೆ, ಪಕ್ಕಾ ಡ್ರೈವರ್ ಇಟ್ಟುಕೊಂಡು ಪ್ರಯೋಜನ ಇಲ್ಲ. ಇಳಿಸಿದರೆ ಇನ್ನೊಂದು ಸರದಿ ಕೂಡಲೇ ಸಿಗುತ್ತದೆ, ಹಾಗಾಗಿ ನಷ್ಟವೂ ಇಲ್ಲ.

ಆಂಬುಲೆನ್ಸ್ ಅನ್ನು ಯಾವಾಗ ಬಿಡಬೇಕು ಅನ್ನುವುದಕ್ಕೂ ಮೂರು ಗುರುತು ಇಟ್ಟುಕೊಂಡಿದ್ದೇನೆ. ಮೊದಲ ಮೂರು ನಾಲ್ಕು ಸರದಿಯಲ್ಲಿ ಗ್ರೀನ್ ಸಿಗದೆ ಹೊರಡಲೇ ಆಗದಿದ್ದರೆ ಇಳಿಸಿಬಿಡುತ್ತೇನೆ, ಯಾಕೆಂದರೆ ಆಂಬುಲೆನ್ಸ್‌ಗೆ ಗ್ರೀನ್ ಬೇಕಾಗಿಲ್ಲ. ನಿಂತ ಗಾಡಿಗೆ ರೆಡ್ ಸಿಗ್ನಲ್ ಹಾಕಲು ಬರುವುದಿಲ್ಲ, ಸ್ಪೀಡ್ ಲಿಮಿಟ್ ಮಾತ್ರ ಹಾಕಬಹುದು. ಹಾಗಾಗಿ ನಿಂತುಕೊಂಡು ಕಾಯುವುದರಲ್ಲಿ ಅರ್ಥ ಕಡಿಮೆ. ಎರಡನೆಯದು, ಆ 9 ಎಲೆಗಳಲ್ಲಿ 6 ಕಣ್ಣಿಗೆ ಬಿದ್ದರೆ. ಮೂರನೆಯದು, ಎದುರಾಳಿ 700 ದಾಟಿದರೆ. ಈ ಕೊನೆಯದನ್ನು ನಾನು ಒಮ್ಮೆಯೂ ಮುರಿಯುವುದಿಲ್ಲ. ಇನ್ನು 300 ಅಂದರೆ ಒಂದು 200, ಒಂದು 100, ಎರಡೇ ಸರದಿ.

ಹೀಗೆ ಆಡಿದ 20 ಸುತ್ತುಗಳಲ್ಲಿ ಮೊದಲು ಮುಟ್ಟಿದ್ದು 9 ಸಲ. ಪಾಯಿಂಟ್‌ನಲ್ಲಿ ಗೆದ್ದದ್ದು 12. ಒಂದು ಸುತ್ತಿನಲ್ಲಿ 200 ಇಲ್ಲದೆ ಊರು ಮುಟ್ಟಿ, ಆಂಬುಲೆನ್ಸ್‌ನ ಕೂ ಫುರೆಯೂ ಸೇರಿ 2100 ಬಂತು. ಸ್ಲೋ ಲೋಕಲ್‌ಗೂ ಒಂದು ಮಿತಿ ಇದೆ. ನಾನು 300ರಲ್ಲಿ, ಅವನು 600ರಲ್ಲಿ ಇದ್ದರೆ 200 ಇಲ್ಲದೆ ಹೋಗುವ ಹಟ ಬೇಡ. ಆಗ ಕೈಗೆ ಬಂದ 200 ಇಳಿಸಿ ಓಡುವುದೇ ಸರಿ.

ಈ ದಾರಿಯಲ್ಲಿ ಎಚ್ಚರ ಇರಬೇಕಾದ ಇನ್ನೊಂದು ಎಲೆ 75. ಸಾವಿರವನ್ನು ಸರಿಯಾಗಿಯೇ ಮುಟ್ಟಬೇಕು, ದಾಟುವಂತಿಲ್ಲ. 75 ಒಂದೇ ಒಂದು ಬಿದ್ದರೆ ಲೆಕ್ಕ ಮುರಿದ ಹಾಗೆ, ಇನ್ನೊಂದು 75 ಅಥವಾ ಒಂದು 25 ಸಿಗುವವರೆಗೆ ಸರಿಯಾಗುವುದಿಲ್ಲ. ಒಂದು ರಾತ್ರಿ ನಾನು 975ರಲ್ಲಿ ನಿಂತೆ. ಕೈಯಲ್ಲಿ 100, 100, 50. ಮೊದಲೇ ಎರಡು 25 ಅನ್ನು ಚಿಲ್ಲರೆ ಅಂತ ಬಿಸಾಕಿದ್ದೆ. ಏಳು ಸರದಿ ಕಾದೆ. ಮೈದುನ ಹಿಂದಿನಿಂದ ಬಂದು ಮುಟ್ಟಿದ. ಈಗ 75 ಅನ್ನು ಜೋಡಿಯಾಗಿ ಇಳಿಸುತ್ತೇನೆ, ಇಲ್ಲದಿದ್ದರೆ ಒಂದು 25 ಅನ್ನು ಕೊನೆಯವರೆಗೂ ಬಿಡುವುದಿಲ್ಲ.

ಚೈನ್ ಎಳೆಯುವ ದಾರಿ ಮೂರನೆಯದು. ಅಡ್ಡಿ ಸಿಕ್ಕಿದ ಕೂಡಲೇ ಹಾಕುವುದು, ಅವನನ್ನು ಹೊರಡಲು ಬಿಡದಿರುವುದು. ಎದುರಾಳಿ ಒಂದು ಕಿಲೋಮೀಟರೂ ಹೋಗದೆ ನಾವು ಊರು ಮುಟ್ಟಿದರೆ 500 ಜಾಸ್ತಿ. 20 ಸುತ್ತಿನಲ್ಲಿ ನನಗೆ ಅದು ಒಮ್ಮೆಯೂ ಸಿಗಲಿಲ್ಲ. ಗೆದ್ದದ್ದು 5 ಸುತ್ತು ಮಾತ್ರ. ನಾನು ಒಂದು ಅಡ್ಡಿ ಹಾಕಿದರೆ ನನ್ನದೂ ಒಂದು ಸರದಿ ಹೋಗುತ್ತದೆ. ರೆಡ್ ಸಿಗ್ನಲ್ ಹಾಕಿದರೆ ಅವನು ಒಂದು ಗ್ರೀನ್ ಹಾಕಿ ಹೊರಡುತ್ತಾನೆ, ಗ್ರೀನ್ ಎಲೆ ಕಟ್ಟಿನಲ್ಲಿ 14 ಇವೆ. ಎದುರಿಗೆ ಕೂತವನು ಕಾಯುವವನಾದರೆ ಇನ್ನೂ ಕಷ್ಟ, ನಾವಾಗಿಯೇ 400 ಕೊಟ್ಟಂತೆ.

ಆದರೂ ಈ ದಾರಿಯಿಂದ ಎರಡು ವಿಷಯ ನಾನು ಎತ್ತಿಟ್ಟುಕೊಂಡೆ. ಒಂದು, ಆಕ್ಸಿಡೆಂಟ್, ಪೆಟ್ರೋಲ್ ಖಾಲಿ, ಪಂಕ್ಚರ್ ಇವು ರೆಡ್ ಸಿಗ್ನಲ್‌ಗಿಂತ ಗಟ್ಟಿ. ರಿಪೇರಿ ಆದ ಮೇಲೆ ಹೊರಡಲು ಅವನಿಗೆ ಮತ್ತೆ ಗ್ರೀನ್ ಬೇಕು, ಎರಡು ಸರದಿ ಹೋಗುತ್ತದೆ. ಅವನು ಏನು ಬಿಸಾಕುತ್ತಾನೆ ಅಂತ ನೋಡುತ್ತಿರಬೇಕು. ರಿಪೇರಿ ಎಲೆ ಬಿಸಾಕಿದ ಅಂದರೆ ಅವನ ಕೈ ತುಂಬಿದೆ. ಆಗ ಆಕ್ಸಿಡೆಂಟ್ ಹಾಕಿದರೆ ತಾಗುತ್ತದೆ. ಎರಡು, ಸ್ಪೀಡ್ ಲಿಮಿಟ್ ಅನ್ನು ಮೊದಲೇ ಖರ್ಚು ಮಾಡಬಾರದು. ಅದು ಬಿದ್ದರೆ 25 ಮತ್ತು 50 ಮಾತ್ರ ಇಳಿಸಬಹುದು. ಅವನಿಗೆ ಇನ್ನು 200 ಉಳಿದಿರುವಾಗ ಹಾಕಿದರೆ, ಒಂದು ಎಲೆಯಲ್ಲಿ ಮುಗಿಯುವ ದಾರಿಗೆ ಕಡಿಮೆ ಅಂದರೂ ನಾಲ್ಕು ಎಲೆ ಬೇಕು. ಅವನ ಆಂಬುಲೆನ್ಸ್ ಆಗಲೇ ನೆಲದ ಮೇಲೆ ಇದ್ದರೆ ಮಾತ್ರ ಈ ಎಲೆ ದಂಡ, ಬಿಸಾಕಿಬಿಡಬೇಕು.

ಈಗ ನಾನು ಆಡುವುದು ಸ್ಲೋ ಲೋಕಲ್, ಕೊನೆಯಲ್ಲಿ ಒಂದು ಸಲ ಚೈನ್. ಫಾಸ್ಟ್ ಲೋಕಲ್ ಅನ್ನು ಹಿಂದೆ ಬಿದ್ದ ಸುತ್ತುಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ಕೋಥ್ರೂಡ್‌ನ ಹುಡುಗನೂ ಇದನ್ನು ಗಮನಿಸಿದ್ದಾನೆ. ಕಳೆದ ಭಾನುವಾರ ಅವನು ನನಗೆ ಒಂದೂ ರೆಡ್ ಸಿಗ್ನಲ್ ಹಾಕಲಿಲ್ಲ. ಕೈಗೆ ಬಂದದ್ದನ್ನೆಲ್ಲ ಬಿಸಾಕಿದ. "ಯಾಕೆ ಮಾರಾಯ?" ಅಂತ ಕೇಳಿದೆ. "ನಿಮ್ಮ ಹತ್ರ ಆಂಬುಲೆನ್ಸ್ ಇದೆ ಅಂತ ಗೊತ್ತು ಅತ್ತೆ" ಅಂದ. ನಿಜಕ್ಕೂ ಇರಲಿಲ್ಲ. ಅಡ್ಡಿಯೇ ಇಲ್ಲದ ರಸ್ತೆಯಲ್ಲಿ 200 ಮುಟ್ಟದೆ ಆರಾಮಾಗಿ ಸಾವಿರಕ್ಕೆ ಬಂದೆ, 1700.