ಗ್ಯಾರೇಜಿನವನ ಕೈಗೆ ಆಯಿಲ್ ಗೇಜ್ ಕಡ್ಡಿ ಕೊಡಬೇಡಿ: ಹಳೆಯ ಮಾರುತಿ 800 ಇರುವವರಿಗೆ ಎಚ್ಚರಿಕೆ

ಹಳೆಯ ಮಾರುತಿ 800 ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಪ್ರಯಾಣದ ನಡುವೆ ಬಂಕಿನಲ್ಲೋ ಅದರ ಪಕ್ಕದ ಗ್ಯಾರೇಜಿನಲ್ಲೋ ಯಾರಾದರೂ ತಾವಾಗಿಯೇ ಬಂದು “ಆಯಿಲ್ ನೋಡಲೇ?” ಎಂದರೆ ಬೇಡ ಎನ್ನಿ. ನೋಡಲೇಬೇಕಿದ್ದರೆ ಎಂಜಿನ್ ಆಯಿಲ್ ಮಟ್ಟ ಅಳೆಯುವ ಗೇಜ್ ಕಡ್ಡಿಯನ್ನು ನೀವೇ ಎಳೆಯಿರಿ, ನೀವೇ ಒರೆಸಿ, ನೀವೇ ಕೊನೆಯವರೆಗೆ ಒತ್ತಿ. ನಾನು ಹಾಗೆ ಮಾಡಲಿಲ್ಲ. ಗ್ಯಾರೇಜಿನವನಿಗೆ ಕೊಟ್ಟದ್ದು 1,950 ರೂಪಾಯಿ. ಆಮೇಲೆ ಕ್ಲಚ್ ಪ್ಲೇಟ್, ಆಯಿಲ್ ಸೀಲ್, ಮೂರು ಪ್ಲಗ್, ಕೂಲಿ ಎಲ್ಲ ಸೇರಿ 6,400. ಹಣ ಹೋದದ್ದಕ್ಕಿಂತ, ನನ್ನ ಕಣ್ಣೆದುರಿಗೇ ಮೋಸ ಮಾಡಿದರಲ್ಲ ಎಂಬುದು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಕಾರು ಅಪ್ಪನದು. 1996ರ ಮಾಡೆಲ್, ಕಾರ್ಬುರೇಟರ್ ಎಂಜಿನ್, 796 ಸಿಸಿ, ಮೂರು ಸಿಲಿಂಡರ್. ಈ ಕಾರಿನ ತಯಾರಿಕೆ ನಿಂತದ್ದು 2014ರಲ್ಲಿ. ನಮ್ಮ ಗಾಡಿ ಮಾತ್ರ ಇಂದಿಗೂ ಬೆಳಿಗ್ಗೆ ಚೋಕ್ ಎಳೆದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಅದಕ್ಕೆ ಕಾರಣ ಅಪ್ಪ. ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಸಮತಟ್ಟಾದ ಜಾಗದಲ್ಲಿ ನಿಂತಿರುವಾಗಲೇ ಬಾನೆಟ್ ಎತ್ತಿ, ಹಳೆಯ ಬನಿಯನ್ ಬಟ್ಟೆಯಲ್ಲಿ ಕಡ್ಡಿ ಒರೆಸಿ, ಮತ್ತೆ ಇಳಿಸಿ ನೋಡುತ್ತಾರೆ. ಮೊದಲ ಸಲ ಎಳೆದಾಗ ಕಾಣುವುದನ್ನು ನಂಬಬಾರದು, ಒರೆಸಿ ಎರಡನೆಯ ಸಲ ಎಳೆದಾಗ ಕಾಣುವುದೇ ನಿಜ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಕೇಳಿದ್ದೇನೆ, ಅಷ್ಟೇ. ಆ ಕೆಲಸವನ್ನು ನಾನು ಒಮ್ಮೆಯೂ ಕೈಯಾರೆ ಮಾಡಿರಲಿಲ್ಲ.

ಕಳೆದ ತಿಂಗಳು ಪುತ್ತೂರಿನ ಸೋದರತ್ತೆಯ ಮನೆಯ ಮದುವೆಗೆ ಹೊರಟಿದ್ದೆವು. ನಾನು, ಅಮ್ಮ, ಚಿಕ್ಕಮ್ಮ. ಕಾರಿನಲ್ಲಿ ಇದ್ದವರು ಮೂವರೂ ಹೆಂಗಸರು, ಇದನ್ನು ಬೇಕೆಂದೇ ಹೇಳುತ್ತಿದ್ದೇನೆ. ಹಾಸನ ದಾಟಿದ ಮೇಲೆ ಒಂದು ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ ಗಾಳಿ ಹಿಡಿಸಲು ಪಕ್ಕಕ್ಕೆ ನಿಲ್ಲಿಸಿದೆ. ಅಲ್ಲೇ ಅಂಟಿಕೊಂಡಂತೆ ಒಂದು ಸಣ್ಣ ಗ್ಯಾರೇಜ್. ಗಾಳಿ ಹಿಡಿಯುತ್ತಿದ್ದ ಹುಡುಗ, “ಮೇಡಂ, ಘಾಟಿ ಇಳಿಯುತ್ತೀರಾ? ಬಾನೆಟ್ ತೆಗೆಯಿರಿ, ಆಯಿಲ್, ನೀರು ಸುಮ್ಮನೆ ನೋಡಿಬಿಡುತ್ತೇವೆ, ದುಡ್ಡೇನೂ ಬೇಡ” ಎಂದ. ದುಡ್ಡು ಬೇಡ ಎಂದನಲ್ಲ, ನಾನೂ ಬಾನೆಟ್ ಲಿವರ್ ಎಳೆದೆ.

ಗ್ಯಾರೇಜಿನಿಂದ ಒಬ್ಬ ದೊಡ್ಡವನು ಬಂದ. ಎಂಜಿನ್ ಆರಿಸಿ ಒಂದು ನಿಮಿಷವೂ ಆಗಿರಲಿಲ್ಲ. ಬಿಸಿ ಎಂಜಿನ್ನಿನಲ್ಲಿ ಆಯಿಲ್ ಇನ್ನೂ ಮೇಲೆಯೇ ಇರುತ್ತದೆ, ಎಂಜಿನ್ನಿನ ಅಡಿಯಲ್ಲಿರುವ ಚೇಂಬರಿಗೆ ಇಳಿದು ಸೇರಲು ಐದು ಹತ್ತು ನಿಮಿಷವಾದರೂ ಬೇಕು. ಅವನು ಅದಕ್ಕೆಲ್ಲ ಕಾಯಲಿಲ್ಲ. ಕಡ್ಡಿ ಎಳೆದ, ಒರೆಸಿದ, ಮತ್ತೆ ಇಳಿಸಿದ, ಎಳೆದು ನನ್ನ ಮುಖದ ಹತ್ತಿರ ಹಿಡಿದ. ಕೆಳಗಿನ ಗುರುತಿಗಿಂತಲೂ ಕೆಳಗೆ, ತುದಿಯಲ್ಲಿ ಮಾತ್ರ ಒಂದು ಹನಿ ಕಪ್ಪು ಎಣ್ಣೆ.

“ನೋಡಿ ಮೇಡಂ, ನೀವೇ ನೋಡಿ. ಆಯಿಲ್ಲೇ ಇಲ್ಲ. ಹೀಗೇ ಘಾಟಿಗೆ ಹೋದರೆ ಎಂಜಿನ್ ಸೀಜ್. ಸಿಲಿಂಡರ್ ಬೋರ್ ಮಾಡಿಸಬೇಕಾಗಿ ಬಂದರೆ ಮೂವತ್ತು ಸಾವಿರ.”

ನೀವೇ ನೋಡಿ. ಈ ಮಾತನ್ನು ಅವನು ನಾಲ್ಕೈದು ಸಲವಾದರೂ ಹೇಳಿದ. ನಾನು ನೋಡುತ್ತಲೇ ಇದ್ದೆ. ಆದರೆ ನೋಡಬೇಕಾದದ್ದನ್ನು ನೋಡಲಿಲ್ಲ. ಒರೆಸಿದ ಬಟ್ಟೆಯನ್ನು ಅವನು ಕೈಬಿಟ್ಟಿರಲಿಲ್ಲ, ಕಡ್ಡಿಯ ಹಿಡಿಗೆ ಸುತ್ತಿಕೊಂಡೇ ಕೊಳವೆಯೊಳಗೆ ಇಳಿಸಿದ್ದ. ಆ ಬಟ್ಟೆಯ ಮರೆಯಲ್ಲಿ ಅವನ ಹೆಬ್ಬೆರಳು ಕೊಳವೆಯ ಬಾಯಿಗೆ ಅಡ್ಡ ಇತ್ತು. ಕಡ್ಡಿ ಪೂರ್ತಿ ಕೂರಲೇ ಇಲ್ಲ, ಎರಡು ಬೆರಳಿನಷ್ಟು ಮೇಲೆಯೇ ನಿಂತಿತ್ತು. ಇಷ್ಟೇ ಕೈಚಳಕ. ಮನೆಗೆ ಬಂದ ಮೇಲೆ ನಾನೇ ಹಾಗೆ ಮಾಡಿ ನೋಡಿದೆ. ಆಯಿಲ್ ಸರಿಯಾಗಿರುವ ಎಂಜಿನ್ನಿನಲ್ಲೂ ಎರಡು ಬೆರಳು ಮೇಲೆ ಹಿಡಿದರೆ ಕಡ್ಡಿ ಒಣಗಿಯೇ ಬರುತ್ತದೆ!

“ಡ್ಯಾಷ್‌ಬೋರ್ಡಿನಲ್ಲಿ ಕೆಂಪು ಲೈಟ್ ಬಂದಿಲ್ಲವಲ್ಲ?” ಎಂದು ಕೇಳಿದೆ. “ಹಳೆಯ ಗಾಡಿ ಮೇಡಂ, ಲೈಟ್ ಕೆಟ್ಟಿರುತ್ತದೆ” ಎಂದ. ಸುಳ್ಳು. ಕೀ ತಿರುಗಿಸಿದಾಗ ಆ ದೀಪ ಹತ್ತುತ್ತದೆ, ಸ್ಟಾರ್ಟ್ ಆದ ಕೂಡಲೇ ಆರುತ್ತದೆ, ನಮ್ಮದು ಸರಿಯಾಗಿಯೇ ಇದೆ. ಅದು ಪ್ರೆಷರ್ ತೋರಿಸುವ ದೀಪ, ಮಟ್ಟ ತೋರಿಸುವುದಲ್ಲ, ಅದು ನಿಜ. ಆದರೆ ಚೇಂಬರ್ ಖಾಲಿಯಾಗುವಷ್ಟು ಆಯಿಲ್ ಇಳಿದಿದ್ದರೆ ತಿರುವಿನಲ್ಲಿ, ಬ್ರೇಕ್ ಹಾಕಿದಾಗ ಒಮ್ಮೆಯಾದರೂ ಮಿಣುಕುತ್ತಿತ್ತು. ಅಷ್ಟು ಯೋಚಿಸಲು ಅವನು ಬಿಡಲಿಲ್ಲ. ಹಿಂದಿನ ಸೀಟಿನಿಂದ ಅಮ್ಮ, “ಹಾಕಿಸಿಬಿಡು, ಘಾಟಿಯಲ್ಲಿ ನಿಂತರೆ ಏನು ಗತಿ” ಎಂದರು. ಹಾಕಿ ಎಂದೆ.

ಒಂದು ಲೀಟರಿನ ಎರಡು ಡಬ್ಬಿ ಸುರಿದ. ಒಂದಕ್ಕೆ 650ರಂತೆ 1,300. ಎಂಜಿನ್ ಗಟ್ಟಿಯಾಗುತ್ತದೆ ಎಂದು ಒಂದು ಚಿಕ್ಕ ಬಾಟಲಿ ಔಷಧ, 450. ಕೂಲಿ 200. ಸುಮ್ಮನೆ ನೋಡುತ್ತೇವೆ ಎಂದವರಿಗೆ ಕೂಲಿ ಬೇರೆ! ಸುರಿದ ಮೇಲೆ ಅದೇ ಬಟ್ಟೆ, ಅದೇ ಹೆಬ್ಬೆರಳು. ಈ ಸಲ ಎಣ್ಣೆ ಸರಿಯಾಗಿ ಮೇಲಿನ ಗುರುತಿಗೆ ಬಂದಿತ್ತು. “ಈಗ ಧೈರ್ಯವಾಗಿ ಹೋಗಿ” ಎಂದ. ನಾನು ಅವನಿಗೆ ಥ್ಯಾಂಕ್ಸ್ ಹೇಳಿ ಹೊರಟೆ. ಆ ಥ್ಯಾಂಕ್ಸ್ ನೆನೆದರೆ ನಾಚಿಕೆಯಾಗುತ್ತದೆ.

ಮೂರು ಲೀಟರಿಗಿಂತ ಕಡಿಮೆ ಆಯಿಲ್ ಹಿಡಿಯುವ ಎಂಜಿನ್ನಿಗೆ, ಇದ್ದದ್ದರ ಮೇಲೆ ಎರಡು ಲೀಟರ್ ಸುರಿದರೆ ಏನಾಗುತ್ತದೆ? ಸಕಲೇಶಪುರ ದಾಟುವಷ್ಟರಲ್ಲಿ ಕನ್ನಡಿಯಲ್ಲಿ ನೀಲಿ ಹೊಗೆ ಕಂಡಿತು. ಮಾರನಹಳ್ಳಿ ಬಂದಾಗ ಹಿಂದಿನ ಲಾರಿಯವನು ಹಾರ್ನ್ ಹಾಕಿ ಕೈ ಬೀಸಿ ತೋರಿಸಿದ. ಗುಂಡ್ಯದಲ್ಲಿ ನಿಲ್ಲಿಸಿದಾಗ ಬಾನೆಟ್ ಒಳಗೆ ಸುಟ್ಟ ಎಣ್ಣೆಯ ವಾಸನೆ, ಎಂಜಿನ್ ನಡುಗುತ್ತಿತ್ತು. ಹೇಗೋ ನೆಲ್ಯಾಡಿಯವರೆಗೆ ತಂದೆ.

ಅಲ್ಲಿನ ಮೆಕ್ಯಾನಿಕ್ ವಯಸ್ಸಾದವರು. ಮೊದಲು ಗಾಡಿಯನ್ನು ಸಮತಟ್ಟಾದ ಜಾಗಕ್ಕೆ ತಳ್ಳಿಸಿದರು, ಹತ್ತು ನಿಮಿಷ ಕೂರಿಸಿದರು, ಆಮೇಲೆ ಬಟ್ಟೆಯನ್ನು ನನ್ನ ಕೈಗೇ ಕೊಟ್ಟು, “ಕಡ್ಡಿ ನೀವೇ ಎಳೆಯಿರಿ” ಎಂದರು. ಮೇಲಿನ ಗುರುತು ಮುಳುಗಿ, ಅದರ ಮೇಲೆ ಇನ್ನೂ ಎರಡು ಬೆರಳು ಎಣ್ಣೆ ಹತ್ತಿತ್ತು. ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಒಳಗೆಲ್ಲ ಆಯಿಲ್, ಫಿಲ್ಟರ್ ನೆನೆದ ರಟ್ಟಿನಂತಾಗಿತ್ತು. ಮಟ್ಟ ಹೆಚ್ಚಾದರೆ ಕ್ರ್ಯಾಂಕ್ ಶಾಫ್ಟ್ ತಿರುಗುವಾಗ ಆಯಿಲನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತದೆ, ನೊರೆ ಬರುತ್ತದೆ, ಪಂಪ್ ಎಣ್ಣೆಯ ಬದಲು ನೊರೆ ಎಳೆಯುತ್ತದೆ, ಹೆಚ್ಚಾದದ್ದು ಎಂಜಿನ್ ಒಳಗಿನ ಹೊಗೆ ಹೊರಬಿಡುವ ಬ್ರೀದರ್ ಪೈಪಿನಿಂದ ಏರ್ ಫಿಲ್ಟರಿಗೆ ನುಗ್ಗಿ ಪೆಟ್ರೋಲ್ ಜೊತೆ ಸುಡುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಡ್ರೈನ್ ಬೋಲ್ಟ್ ಸಡಿಲಿಸಿ ಹೆಚ್ಚಾದದ್ದನ್ನು ತೆಗೆದರು. ಲೀಟರಿನ ನೀರಿನ ಬಾಟಲಿ ಒಂದು ಪೂರ್ತಿ ತುಂಬಿತು, ಇನ್ನೊಂದು ಅರ್ಧಕ್ಕಿಂತ ಮೇಲೆ. ಆ ಬಾಟಲಿಗಳ ಫೋಟೋ ತೆಗೆದಿಟ್ಟುಕೊಂಡಿದ್ದೇನೆ.

ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. “ಕಡ್ಡಿ ನೀನು ಎಳೆದೆಯೋ, ಅವನು ಎಳೆದನೋ?” ನಾನು ಉತ್ತರ ಕೊಡಲಿಲ್ಲ. “ಹೋದ ಭಾನುವಾರವಷ್ಟೇ ನೋಡಿದ್ದೆನಲ್ಲ, ಮೇಲಿನ ಗುರುತಿಗೆ ಒಂದು ಕೂದಲೆಳೆ ಕೆಳಗಿತ್ತು” ಎಂದರು.

ಮದುವೆ ಮುಗಿಸಿ ವಾಪಸು ಬರುವಾಗ ಶಿರಾಡಿ ಏರುವಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ. ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಸೋರಿ ಕ್ಲಚ್ ಪ್ಲೇಟ್ ನೆನೆದಿತ್ತು ಎಂದು ಗೊತ್ತಾದದ್ದು ಬೆಂಗಳೂರಿನಲ್ಲಿ ಗೇರ್ ಬಾಕ್ಸ್ ಇಳಿಸಿದ ಮೇಲೆ. ಒಂದನೇ ಗೇರಿನಲ್ಲಿ ತೆವಳಿಕೊಂಡು ಬಂದು, ಹಾಸನದ ಬಳಿಯ ಅದೇ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಅವನು ಅಲ್ಲೇ ಇದ್ದ. ಫೋಟೋ ತೋರಿಸಿದೆ.

“ಇದು ನಮ್ಮ ಆಯಿಲ್ ಎಂದು ಏನು ಗ್ಯಾರಂಟಿ ಮೇಡಂ?”

ಎರಡು ಲೀಟರ್ ಹಾಕಿದ್ದು ನೀವೇ ಅಲ್ಲವೇ ಎಂದೆ.

“ಹಾಕಿ ಎಂದವರು ನೀವು. ಕಡ್ಡಿ ತೋರಿಸಿಯೇ ಹಾಕಿದ್ದೇನೆ. ಆಯಿಲ್ ಹೆಚ್ಚಾದರೆ ಏನೂ ಆಗುವುದಿಲ್ಲ, ಕಡಿಮೆಯಾದರೇ ತೊಂದರೆ. ಮೂವತ್ತು ವರ್ಷದ ಗಾಡಿ, ನಾವು ಮುಟ್ಟಿದ್ದರಿಂದ ಕೆಟ್ಟಿತೇ? ಬಿಲ್ ಇದೆಯಾ?”

ಬಿಲ್ ಇರಲಿಲ್ಲ. ಕೇಳಿದ್ದಾಗ “ಪುಸ್ತಕ ಮುಗಿದಿದೆ” ಎಂದಿದ್ದ. ಈಗ ಅವನೇ ಬಿಲ್ ಕೇಳುತ್ತಾನೆ. ಬಂಕಿನ ಮ್ಯಾನೇಜರ್ ಹತ್ತಿರ ಹೋದರೆ, “ಅವರಿಗೂ ನಮಗೂ ಸಂಬಂಧವಿಲ್ಲ, ಜಾಗ ಬಾಡಿಗೆಗೆ ಕೊಟ್ಟಿದ್ದೇವೆ ಅಷ್ಟೇ” ಎಂದರು. ಗಾಳಿ ಹಿಡಿಯುವ ಹುಡುಗ ಬಂಕಿನ ಅಂಗಿ ಹಾಕಿಕೊಂಡೇ ನಿಂತಿದ್ದ. ಅವನನ್ನು ತೋರಿಸಿದೆ. ಮ್ಯಾನೇಜರ್ ಫೋನ್ ತೆಗೆದುಕೊಂಡು ಒಳಗೆ ಹೋದರು.

ಹೆಸರು ಬರೆಯುವುದಿಲ್ಲ, ಇಂಥವರು ಒಬ್ಬರೇ ಇರುವುದೂ ಇಲ್ಲ. ಹೊರಡುವ ಮುನ್ನ ಮನೆಯಲ್ಲೇ, ತಣ್ಣಗಿನ ಎಂಜಿನ್ನಿನಲ್ಲಿ ಕಡ್ಡಿ ನೋಡಿಕೊಳ್ಳಿ. ಎರಡು ಗುರುತುಗಳ ನಡುವೆ ಇದ್ದರೆ ಸಾಕು, ಯಾರು ಏನೇ ಹೆದರಿಸಿದರೂ ಸುರಿಸಬೇಡಿ. ನಿಜವಾಗಿ ಕಡಿಮೆಯಿದ್ದರೂ ಕಾಲು ಲೀಟರ್ ಹಾಕಿ, ಕಾದು, ಮತ್ತೆ ನೋಡಿ. ಮನೆಯ ಹೆಣ್ಣುಮಕ್ಕಳು ಕಾರು ಓಡಿಸುತ್ತಿದ್ದರೆ ಅವರಿಗೂ ಕಡ್ಡಿ ನೋಡುವುದನ್ನು ಕೈಹಿಡಿದು ಕಲಿಸಿ, ಬಾಯಲ್ಲಿ ಹೇಳಿದರೆ ಸಾಲದು. ಬಿಲ್ ಕೊಡದವರಿಗೆ ಹಣ ಕೊಡಬೇಡಿ.

ಯುಪಿಐ ಮೂಲಕ ಹಣ ಕಳಿಸಿದ್ದ ನಂಬರಿಗೆ ನಿನ್ನೆಯೂ ಕರೆ ಮಾಡಿದೆ. ರಿಂಗ್ ಆಗುತ್ತದೆ, ಎತ್ತುವುದಿಲ್ಲ.