ಒಂದು ಕೋಣೆ ಒಣಗಿದರೆ ಸಾಕು: ದ್ವೀಪದ ಮನೆಯಲ್ಲಿ ಹದಿನಾಲ್ಕು ತಿಂಗಳು ದುಡಿದ ಡಿಹ್ಯುಮಿಡಿಫೈಯರ್

ದ್ವೀಪಕ್ಕೆ ಬಂದು ಐದು ತಿಂಗಳಾದರೂ ನಾವು ತಂದ ಹನ್ನೊಂದು ಪೆಟ್ಟಿಗೆಗಳಲ್ಲಿ ಏಳನ್ನು ಬಿಚ್ಚಿರಲಿಲ್ಲ. ಬಿಚ್ಚಿದ ನಾಲ್ಕರ ಗತಿ ಕಂಡ ಮೇಲೆ ಉಳಿದವುಗಳ ಮೇಲೆ ಕೈಯಿಡಲು ಧೈರ್ಯ ಬರಲಿಲ್ಲ. ಯಜಮಾನರ ಚರ್ಮದ ಬೆಲ್ಟಿನ ಮೇಲೆ ಹಸಿರು ಬೂಷ್ಟು. ಮಗಳ ಪುಸ್ತಕಗಳ ಹಾಳೆಗಳು ಅಲೆ ಅಲೆಯಾಗಿ ಉಬ್ಬಿದ್ದವು. ಕ್ಯಾಮೆರಾದ ಮಸೂರದೊಳಗೆ ಜೇಡರ ಬಲೆಯಂತೆ ಶಿಲೀಂಧ್ರ ಹಬ್ಬಿತ್ತು. ಅತ್ತೆಯವರ ಶ್ರವಣಯಂತ್ರ ದಿನಕ್ಕೊಮ್ಮೆ ಕರಕರ ಎಂದು ಸದ್ದು ಮಾಡಿ ನಿಂತುಬಿಡುತ್ತಿತ್ತು. ಅದು ನಿಂತಾಗಲೆಲ್ಲ ಅವರು ಮಾತು ಬಿಟ್ಟು ಕಿಟಕಿಯ ಬಳಿ ಹೋಗಿ ಕೂರುತ್ತಿದ್ದರು. ನಮ್ಮ ತಂದೆಯಿಂದ ನನಗೆ, ನನ್ನಿಂದ ಮಗಳಿಗೆ ಬಂದ ಪಿಟೀಲಿನ ಅಂಟು ಮೂರನೆಯ ತಿಂಗಳಿಗೇ ಬಿಟ್ಟು, ಕೆಳಗಿನ ಅಂಚಿನಲ್ಲಿ ಉಗುರು ತೂರುವಷ್ಟು ಸಂದಿಯಾಯಿತು. ಅಂದು ರಾತ್ರಿ ನಾನು, ವಾಪಸು ಹೋಗೋಣವೇ ಎಂದು ಕೇಳಿದ್ದು ನಿಜ.

ಹೋಗಲಿಲ್ಲ. ಅದರ ಬದಲು ಒಂದು ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯಿಂದ ತೇವ ತೆಗೆಯುವ ಯಂತ್ರ, ತರಿಸಿದೆವು. ಹದಿನಾಲ್ಕು ತಿಂಗಳಿಂದ ಅದು ಓಡುತ್ತಿದೆ. ಅದರ ಗುಣವನ್ನೂ ದೋಷವನ್ನೂ ಎರಡು ನೋಟ್‌ಬುಕ್ ತುಂಬ ಬರೆದಿಟ್ಟಿದ್ದೇನೆ. ತಯಾರಕರ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ಇಲ್ಲಿ ಹೇಳುವ ಹೆಚ್ಚಿನ ಮಾತು ಈ ಜಾತಿಯ ಎಲ್ಲ ಯಂತ್ರಗಳಿಗೂ ಅನ್ವಯಿಸುತ್ತದೆ.

ಅದಕ್ಕೂ ಮೊದಲು ಅಗ್ಗದ ಉಪಾಯಗಳನ್ನೆಲ್ಲ ಮಾಡಿ ನೋಡಿದ್ದೆವು. ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಚೀಲಗಳನ್ನು ಬೀರುವಿನಲ್ಲಿ ತೂಗುಹಾಕಿದೆವು. ಅವು ತೇವ ಹೀರುವುದು ಖಂಡಿತ, ಆದರೆ ಹೀರಿದ ತೇವ ಚೀಲದ ತಳದಲ್ಲಿ ಉಪ್ಪುನೀರಾಗಿ ನಿಲ್ಲುತ್ತದೆ. ಒಂದು ಚೀಲ ಸೋರಿ ಮಗನ ಶಾಲೆಯ ಬ್ಯಾಗಿನ ಜಿಪ್ ಎರಡೇ ದಿನದಲ್ಲಿ ಕಿಲುಬು ಹಿಡಿಯಿತು. ಸಿಲಿಕಾ ಜೆಲ್ ಅದಕ್ಕಿಂತ ಸಭ್ಯ. ಡಬ್ಬಿಯೊಳಗಿನ ಮಸೂರಕ್ಕೆ, ಶ್ರವಣಯಂತ್ರಕ್ಕೆ ಈಗಲೂ ಅದನ್ನೇ ಬಳಸುತ್ತೇವೆ. ಆದರೆ ಅದು ಹಿಡಿಯುವುದು ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ನೀರನ್ನು. ನಮ್ಮ ಯಂತ್ರ ಈಗ ದಿನಕ್ಕೆ ಸುಮಾರು 4 ಲೀಟರ್ ನೀರು ತೆಗೆಯುತ್ತದೆ. ಅದೇ ಕೆಲಸಕ್ಕೆ ದಿನಕ್ಕೆ 12 ಕಿಲೋ ಜೆಲ್ ಬೇಕಾಗುತ್ತದೆ, ಅಷ್ಟನ್ನೂ ಮತ್ತೆ ಬಿಸಿ ಮಾಡಿ ಒಣಗಿಸಬೇಕಾಗುತ್ತದೆ. ಡಬ್ಬಿಗೆ ಜೆಲ್, ಕೋಣೆಗೆ ಯಂತ್ರ ಎಂದು ಇಟ್ಟುಕೊಳ್ಳಬಹುದು.

ಯಂತ್ರಗಳಲ್ಲಿ ಎರಡು ಬಗೆ. ಒಂದರಲ್ಲಿ ತೇವ ಹೀರುವ ಚಕ್ರ ತಿರುಗುತ್ತದೆ, ಹೀಟರ್ ಅದನ್ನು ಒಣಗಿಸುತ್ತದೆ. ಅದು ಚಳಿಯ ಜಾಗಕ್ಕೆ ಲೇಸು. ವರ್ಷವಿಡೀ ಸೆಕೆಯಿರುವ ನಮ್ಮಂಥವರಿಗೆ ಕಂಪ್ರೆಸರ್ ಇರುವುದೇ ಸರಿ: ಫ್ಯಾನ್ ಗಾಳಿಯನ್ನು ಎಳೆದು ತಣ್ಣನೆಯ ಕೊಳವೆಗಳ ಮೇಲೆ ಹಾಯಿಸುತ್ತದೆ, ತೇವ ಹನಿಯಾಗಿ ತೊಟ್ಟಿಗೆ ಬೀಳುತ್ತದೆ, ಒಣಗಿದ ಗಾಳಿ ಬಿಸಿ ಕೊಳವೆಗಳ ಮೇಲೆ ಹಾದು ಹೊರಬರುತ್ತದೆ. ನಮ್ಮದರ ಪೆಟ್ಟಿಗೆಯ ಮೇಲೆ ‘ದಿನಕ್ಕೆ 20 ಲೀಟರ್’ ಎಂದಿದೆ. ಆ ಅಂಕಿ 30 ಡಿಗ್ರಿ ಶಾಖ, ಶೇ. 80 ಆರ್ದ್ರತೆಯಲ್ಲಿ ಅಳೆದದ್ದು. ಕೋಣೆ ಒಣಗುತ್ತ ಹೋದಂತೆ ತೆಗೆಯಲು ನೀರೇ ಕಡಿಮೆಯಾಗುತ್ತದೆ, ಹಾಗಾಗಿ 20 ಲೀಟರ್ ಬರಲಿಲ್ಲವೆಂದು ಯಾರೂ ಯಂತ್ರವನ್ನು ದೂರಬೇಕಾಗಿಲ್ಲ.

ಮೊದಲ ವಾರ ನಾವು ಮಾಡಿದ್ದು ದೊಡ್ಡ ತಪ್ಪು. ಇಡೀ ಮನೆ ಒಣಗಲಿ ಎಂಬ ಆಸೆಯಿಂದ ಯಂತ್ರವನ್ನು ನಡುಮನೆಯಲ್ಲಿಟ್ಟೆವು. ದ್ವೀಪದ ಮನೆಗಳನ್ನು ಗಾಳಿ ಆಡಲೆಂದೇ ಕಟ್ಟಿರುತ್ತಾರೆ. ಗೋಡೆಯ ಮೇಲ್ಭಾಗದಲ್ಲಿ ಜಾಲಂಧ್ರ, ಬಾಗಿಲ ಕೆಳಗೆ ಎರಡು ಬೆರಳಿನ ಸಂದಿ. ಯಂತ್ರ ಎಷ್ಟು ನೀರು ತೆಗೆದರೂ ಸಮುದ್ರ ಅಷ್ಟನ್ನು ಒಳಗೆ ಕಳಿಸುತ್ತಿತ್ತು. ಹಾಗೆಂದು ಕಿಟಕಿಗಳನ್ನೆಲ್ಲ ಮುಚ್ಚಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗಳ ಮೂಲೆಯಲ್ಲಿ ಬೂಷ್ಟು ಹೆಚ್ಚಾಯಿತು. ಎಂಟನೆಯ ದಿನ ಮನೆಯ ಒಳಭಾಗದ ಚಿಕ್ಕ ಕೋಣೆಯನ್ನು ಆರಿಸಿಕೊಂಡೆವು: 3 ಮೀಟರ್ ಅಗಲ, ಮೂರೂವರೆ ಮೀಟರ್ ಉದ್ದ, ಒಂದೇ ಕಿಟಕಿ. ಯಜಮಾನರು ಕಿಟಕಿಯ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿದರು, ಬಾಗಿಲ ತಳಕ್ಕೆ ಬ್ರಷ್ ಪಟ್ಟಿ ಹೊಡೆದರು, ಜಾಲಂಧ್ರಕ್ಕೆ ಹಲಗೆ ಬಡಿದರು. ಉಳಿದ ಮನೆಯ ಕಿಟಕಿಗಳನ್ನೆಲ್ಲ ಗಾಳಿಗೆ ತೆರೆದುಬಿಟ್ಟೆವು.

ರಾತ್ರಿ ಒಂಬತ್ತಕ್ಕೆ ಯಂತ್ರ ಹಾಕಿದ್ದು. ಬೆಳಗಿನ ಜಾವ ನಾಲ್ಕಕ್ಕೆ ತೊಟ್ಟಿ ತುಂಬಿತೆಂದು ಅದು ಕೂಗಿತು. 4 ಲೀಟರ್! ಮಗಳು ನಿದ್ದೆಗಣ್ಣಿನಲ್ಲೇ ಲೆಕ್ಕಕ್ಕೆ ಕುಳಿತಳು. 30 ಡಿಗ್ರಿಯಲ್ಲಿ, ಶೇ. 80 ಆರ್ದ್ರತೆಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿರುತ್ತದೆ, ಶೇ. 50ಕ್ಕೆ ಇಳಿದರೆ 15 ಗ್ರಾಂ. ನಮ್ಮ ಕೋಣೆಯ ಸುಮಾರು 31 ಘನ ಮೀಟರ್ ಗಾಳಿಯಿಂದ ಹೊರಬರಬೇಕಾದ ನೀರು 300 ಮಿಲಿಲೀಟರ್ ಕೂಡ ಇಲ್ಲ. ಹಾಗಾದರೆ ಉಳಿದದ್ದು ಎಲ್ಲಿಯದು? ಸಂದಿಗಳಲ್ಲಿ ನುಸುಳಿದ ಗಾಳಿಯದು ಸ್ವಲ್ಪ. ಮಿಕ್ಕಿದ್ದು ಗೋಡೆ, ಹಾಸಿಗೆ, ಬಟ್ಟೆ, ಪುಸ್ತಕ, ಮರದ ಬೀರು ಐದು ತಿಂಗಳಿಂದ ಕುಡಿದಿಟ್ಟುಕೊಂಡದ್ದು. ಮೊದಲ ದಿನ 11 ಲೀಟರ್, ಮರುದಿನ 9, ಆಮೇಲೆ 7, ವಾರ ಕಳೆದ ಮೇಲೆ 4. ಮೂರನೆಯ ದಿನಕ್ಕೆ ಆ ಕೋಣೆಯ ಮುಗ್ಗಲು ವಾಸನೆ ಹೋಯಿತು. ಅತ್ತೆಯವರು ಬಾಗಿಲು ತೆರೆದು ಒಳಗೆ ನಿಂತು ಉಸಿರೆಳೆದುಕೊಂಡರು. ಹೊಸ ಬಟ್ಟೆಯ ಅಂಗಡಿಯ ಹಾಗಿದೆ ಎಂದರು.

ಕಾಗದದ ವಿಷಯದಲ್ಲಿ ಒಂದು ಮಾತು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ಗಾಳಿಯ ತೇವವನ್ನು ಹತೋಟಿಗೆ ತರುವ ವ್ಯವಸ್ಥೆ ರೂಪಿಸಿದ್ದು ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುತ್ತಿರಲಿಲ್ಲವಂತೆ. ಮನುಷ್ಯರ ಸೆಕೆಗಿಂತ ಮೊದಲು ಕಾಗದದ ಕಷ್ಟಕ್ಕೆ ಉತ್ತರ ಹುಡುಕಿದ್ದು ನನಗೆ ಬಹಳ ಹಿಡಿಸಿದ ಸಂಗತಿ. ನಮ್ಮ ಮನೆಯಲ್ಲೂ ಆ ಕೋಣೆಗೆ ಮೊದಲು ಹೋದದ್ದು ಮಕ್ಕಳ ಪುಸ್ತಕಗಳು.

ಯಂತ್ರದ ಫಲಕದಲ್ಲಿ ಕಾಣುವ ಅಂಕಿಯನ್ನು ಮಾತ್ರ ನಂಬಬೇಡಿ. ಒಂದು ಪ್ರತ್ಯೇಕ ಹೈಗ್ರೋಮೀಟರ್, ಅಂದರೆ ಆರ್ದ್ರತೆ ಅಳೆಯುವ ಮಾಪಕ, ಇಟ್ಟುಕೊಳ್ಳಿ, ಅದನ್ನೂ ಪರೀಕ್ಷಿಸಿಯೇ ಬಳಸಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹದಕ್ಕೆ ಕೆಲವು ಹನಿ ನೀರು ಬಿಟ್ಟು, ಗಾಳಿಯಾಡದ ಡಬ್ಬಿಯಲ್ಲಿ ಹೈಗ್ರೋಮೀಟರ್ ಜೊತೆ ಒಂದು ರಾತ್ರಿ ಮುಚ್ಚಿಡಬೇಕು. ಡಬ್ಬಿಯೊಳಗಿನ ಆರ್ದ್ರತೆ ಶೇ. 75ಕ್ಕೆ ಬಂದು ನಿಲ್ಲುತ್ತದೆ. ನಮ್ಮ ಮಾಪಕ 78 ತೋರಿಸಿತು, ಅಂದರೆ ಮೂರು ಹೆಚ್ಚು. ಅದನ್ನು ಕಳೆದು ನೋಡಿದಾಗ ಯಂತ್ರದ ಫಲಕ 50 ಎನ್ನುವ ಹೊತ್ತಿಗೆ ಕೋಣೆಯಲ್ಲಿ ನಿಜವಾಗಿ ಇದ್ದದ್ದು 57. ಬೂಷ್ಟು ತಡೆಯಲು ಶೇ. 60ರ ಕೆಳಗಿರಬೇಕು, ಪಿಟೀಲಿಗೆ 40ರಿಂದ 60ರ ನಡುವೆ ಹಿತ. ಆದ್ದರಿಂದ ಯಂತ್ರವನ್ನು 45ಕ್ಕೆ ಇಡುತ್ತೇವೆ. ಕೋಣೆ 52ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಏಳು ಅಂಕಿಯ ತಪ್ಪು ತೋರಿಸುವ ಫಲಕಕ್ಕೆ ನಾನು ಅಂಕ ಕಳೆಯಲೇಬೇಕು. ಪರೀಕ್ಷೆ ಮಾಡದವರು ತಮ್ಮ ವಸ್ತುಗಳು ಸುರಕ್ಷಿತವೆಂದು ನಂಬಿ ಕೂತಿರುತ್ತಾರೆ.

ಇದರೊಡನೆ ಮಲಗುವ ಆಲೋಚನೆ ಬೇಡ. ಸದ್ದು ಹಳೆಯ ಫ್ರಿಜ್‌ನಷ್ಟೇ, ಅದನ್ನು ಸಹಿಸಬಹುದು. ತೊಂದರೆ ಶಾಖದ್ದು. ಒಂದು ಲೀಟರ್ ನೀರು ಆವಿಯಿಂದ ಹನಿಯಾಗುವಾಗ ಬಿಡುವ ಶಾಖ ಸುಮಾರು 0.68 ಯೂನಿಟ್ ವಿದ್ಯುತ್ತಿಗೆ ಸಮ. ಯಂತ್ರ ತಿನ್ನುವ ವಿದ್ಯುತ್ತೂ ಕೊನೆಗೆ ಶಾಖವಾಗಿ ಅದೇ ಕೋಣೆಗೆ ಸೇರುತ್ತದೆ. ನಮ್ಮ ಕೋಣೆ ಹೊರಗಿಗಿಂತ ಮೂರು ಡಿಗ್ರಿ ಬಿಸಿ. ತಂಪು ಮಾಡುತ್ತದೆಂದು ಭಾವಿಸಿ ಕೊಂಡವರು ನಿರಾಶರಾಗುತ್ತಾರೆ. ವಿದ್ಯುತ್ತಿನ ಖರ್ಚು ನಾನು ಹೆದರಿದಷ್ಟಿಲ್ಲ: ಓಡುವಾಗ 310 ವಾಟ್, ದಿನಕ್ಕೆ ಸುಮಾರು ಎಂಟು ಗಂಟೆ, ಅಂದರೆ ಎರಡೂವರೆ ಯೂನಿಟ್.

ತೊಟ್ಟಿಯ ನೀರನ್ನು ಕುಡಿಯಬಾರದು. ಲೋಹದ ಕೊಳವೆಗಳ ಮೇಲೆ ಇಳಿದು, ನಿಂತ ತೊಟ್ಟಿಗೆ ಬಿದ್ದ ನೀರು ಅದು. ಆದರೆ ಚೆಲ್ಲಲೂ ಬಾರದು. ಇಂಥ ದ್ವೀಪಗಳ ಕೆಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟದಿಂದ ಒಂದು ಮೀಟರ್ ಎತ್ತರಕ್ಕೆ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಮೀಟರ್ ಆಳದವರೆಗೂ ಸಿಹಿಯೇ ಇರಬೇಕೆಂಬುದು ಲೆಕ್ಕ. ಅದನ್ನೇ ತಿರುಗಿಸಿ ನೋಡಿದರೆ, ಬಾವಿಯಿಂದ ಹೆಚ್ಚು ಎತ್ತಿ ಮೇಲಿನ ಮಟ್ಟ ಸ್ವಲ್ಪ ತಗ್ಗಿದರೂ ಅಡಿಯಿಂದ ಉಪ್ಪು ಬಹುದೂರ ಏರುತ್ತದೆ. ಇದು ತಿಳಿದ ಮೇಲೆ ಒಂದು ಬಕೆಟ್ ನೀರಿನ ಬೆಲೆಯೇ ಬೇರೆಯಾಯಿತು. ಯಂತ್ರದ ನೀರಿನಿಂದ ನೆಲ ಒರೆಸುತ್ತೇವೆ, ಶೌಚಾಲಯಕ್ಕೆ ಸುರಿಯುತ್ತೇವೆ. ತೊಟ್ಟಿ ಖಾಲಿ ಮಾಡುವುದು ಆರು ವರ್ಷದ ಮಗನ ಹಕ್ಕು, ಬೇರೆಯವರು ಮುಟ್ಟುವಂತಿಲ್ಲ.

ಇನ್ನು ದೋಷಗಳು. ಎರಡಿವೆ, ಎರಡೂ ಸಣ್ಣವಲ್ಲ.

ವಿದ್ಯುತ್ ಹೋಗಿ ಬಂದರೆ ಈ ಯಂತ್ರ ತಾನಾಗಿ ಶುರುವಾಗುವುದಿಲ್ಲ. ಗುಂಡಿಗಳೆಲ್ಲ ಸ್ಪರ್ಶದವು, ಹಿಂದಿನ ಸ್ಥಿತಿಯ ನೆನಪು ಅದಕ್ಕಿಲ್ಲ. ಪ್ರತಿ ಸಲ ಯಾರಾದರೂ ಹೋಗಿ ಒತ್ತಬೇಕು, ಕಂಪ್ರೆಸರ್ ಉಳಿಯಬೇಕಾದರೆ ಒತ್ತುವ ಮೊದಲು ಮೂರು ನಿಮಿಷ ಕಾಯಬೇಕು. ದಿನಕ್ಕೆರಡು ಬಾರಿ ವಿದ್ಯುತ್ ಹೋಗುವ ಊರಿಗೆ ಇದು ಎಂಥ ಕೊರತೆ ಎಂದು ವಿವರಿಸಬೇಕಾಗಿಲ್ಲ. ಆರನೆಯ ತಿಂಗಳು ನಾಲ್ಕು ದಿನ ಹೊರಗೆ ಹೋಗಿ ಬಂದಾಗ ಫಲಕ ಕತ್ತಲೆ, ಮಾಪಕದಲ್ಲಿ 81, ಪಿಟೀಲು ಪೆಟ್ಟಿಗೆಯ ಮಖಮಲ್ಲಿನ ಮೇಲೆ ಬಿಳಿ ಧೂಳಿನಂತೆ ಹೊಸ ಬೂಷ್ಟು. ತಯಾರಕರಿಗೆ ಬರೆದೆ, ಈ ಮಾದರಿಯಲ್ಲಿ ಆ ಸೌಲಭ್ಯವಿಲ್ಲ ಎಂಬ ಒಂದು ಸಾಲಿನ ಉತ್ತರ ಬಂತು. ಕೊಳ್ಳುವ ಮುಂಚೆ ಹೇಳಬೇಕಾಗಿದ್ದ ಮಾತು ಅದು, ನನಗೆ ಸಿಟ್ಟು ಬಂದದ್ದೂ ಅದಕ್ಕೇ.

ಆ ಮೇಲೆ ಪಕ್ಕದ ಮನೆಯ ಹಿರಿಯರಿಗೆ ನಮ್ಮ ಮನೆಯ ಕೀಲಿ ಕೊಟ್ಟೆವು. ಅಲ್ಲಿಯವರೆಗೆ ಅವರೊಡನೆ ಬೇಲಿಯಾಚೆಯಿಂದ ತಲೆದೂಗುವಷ್ಟೇ ಪರಿಚಯ. ನಾವಿಲ್ಲದಾಗ ವಿದ್ಯುತ್ ಬಂದ ಕೂಡಲೇ ಅವರು ಬಂದು ಮೂರು ನಿಮಿಷ ಎಣಿಸಿ ಗುಂಡಿ ಒತ್ತಿ ಹೋಗುತ್ತಾರೆ. ಭಾಷೆ ಪೂರ್ತಿ ಬಾರದಿದ್ದರೂ ಅತ್ತೆಯವರು ಅವರೊಡನೆ ಸಂಜೆ ಜಗಲಿಯಲ್ಲಿ ಕೂರುತ್ತಾರೆ. ಮಗ ಅವರನ್ನು ಅಜ್ಜಿ ಎಂದೇ ಕರೆಯುತ್ತಾನೆ. ಅವರ ಮನೆಯ ಕೀಲಿಯೂ ಈಗ ನಮ್ಮ ಗೋಡೆಯ ಮೊಳೆಯಲ್ಲಿದೆ.

ಎರಡನೆಯ ದೋಷ ಉಪ್ಪಿನದು. ಕಡಲಗಾಳಿಯಲ್ಲಿ ಬರುವ ಉಪ್ಪಿನ ಕಣ ಲೋಹದ ಮೇಲೆ ಕೂತು, ಆರ್ದ್ರತೆ ಶೇ. 75 ದಾಟಿದೊಡನೆ ಗಾಳಿಯ ನೀರು ಹೀರಿ ಕರಗುತ್ತದೆ. ಆ ಉಪ್ಪುನೀರಿನ ಪೊರೆಯೇ ಲೋಹ ತಿನ್ನುವುದು. ಯಂತ್ರದ ಒಳಗೆ ತಾಮ್ರದ ಕೊಳವೆಗೆ ಅಲ್ಯೂಮಿನಿಯಂ ರೆಕ್ಕೆಗಳನ್ನು ಜೋಡಿಸಿರುತ್ತಾರೆ. ಎರಡು ಲೋಹ, ನಡುವೆ ಉಪ್ಪುನೀರು, ಅಲ್ಯೂಮಿನಿಯಂ ಸವೆಯುತ್ತದೆ. ಹತ್ತನೆಯ ತಿಂಗಳಲ್ಲಿ ಹಿಂಬದಿ ತೆಗೆದಾಗ ಕೆಳಗಿನ ರೆಕ್ಕೆಗಳು ಬಿಳಿ ಪುಡಿಯಾಗಿದ್ದವು. ಈಗ ಹದಿನೈದು ದಿನಕ್ಕೊಮ್ಮೆ ಪ್ಲಗ್ ಕಿತ್ತು, ಫಿಲ್ಟರ್ ತೊಳೆದು, ರೆಕ್ಕೆಗಳನ್ನು ಸಿಹಿನೀರು ಮತ್ತು ಮೆತ್ತನೆಯ ಬ್ರಷ್‌ನಿಂದ ಒರೆಸುತ್ತೇವೆ. ಸವೆತ ನಿಂತಿಲ್ಲ, ನಿಧಾನವಾಗಿದೆ. ಇನ್ನೆರಡು ವರ್ಷ ಬಂದರೆ ಸಂತೋಷ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕೊಳ್ಳುವವರು ಎರಡು ಪ್ರಶ್ನೆ ಕೇಳದೆ ಹಣ ಕೊಡಬೇಡಿ: ವಿದ್ಯುತ್ ಬಂದಾಗ ತಾನಾಗಿ ಓಡುತ್ತದೆಯೇ, ರೆಕ್ಕೆಗಳಿಗೆ ತುಕ್ಕುನಿರೋಧಕ ಲೇಪವಿದೆಯೇ. ಎರಡಕ್ಕೂ ಹೌದು ಎನ್ನುವ ಯಂತ್ರ ಸಿಕ್ಕರೆ ಅದನ್ನೇ ತನ್ನಿ, ಸಮುದ್ರದ ಕಡೆ ಮುಖ ಮಾಡದ ಸಣ್ಣ ಕೋಣೆಯೊಂದರಲ್ಲಿ ಇಡಿ. ಬೆಲ್ಟು, ಪ್ರಮಾಣಪತ್ರಗಳು, ಹಬ್ಬದ ಬಟ್ಟೆ, ರಾತ್ರಿಯ ಹೊತ್ತು ಅತ್ತೆಯವರ ಶ್ರವಣಯಂತ್ರದ ಡಬ್ಬಿ, ಎಲ್ಲವೂ ನಮ್ಮ ಆ ಒಂದು ಕೋಣೆಯಲ್ಲಿವೆ. ಉಳಿದ ಮನೆಯಲ್ಲಿ ಒದ್ದೆಯಾದರೂ ಒಣಗುವ ವಸ್ತುಗಳಷ್ಟೇ.

ಏಳು ಪೆಟ್ಟಿಗೆಗಳಲ್ಲಿ ಕೊನೆಯದನ್ನು ಹೋದ ತಿಂಗಳು ಬಿಚ್ಚಿದೆವು. ಅದರಲ್ಲಿ ನಮ್ಮ ತಂದೆ ಸ್ವರ ಬರೆದಿಟ್ಟ ಪುಸ್ತಕಗಳಿದ್ದವು. ಅಂಚು ಕಂದಿದ್ದರೂ ಶಾಯಿ ಹರಡಿರಲಿಲ್ಲ. ಮರಳಿ ಅಂಟು ಹಾಕಿಸಿದ ಪಿಟೀಲಿನ ಅಂಚು ಇವತ್ತಿಗೂ ಬಿಟ್ಟಿಲ್ಲ. ಬೆಳಿಗ್ಗೆ ಮಗಳು ಯಂತ್ರ ಆರಿಸಿ, ಕಿಟಕಿಯ ಚಿಲಕ ತೆಗೆಯದೆ, ಆ ಪುಸ್ತಕವೊಂದನ್ನು ಎದುರಿಗಿಟ್ಟುಕೊಂಡು ಶ್ರುತಿ ನೋಡಿದಳು. ನಾಲ್ಕು ಬಿರಡೆಗಳಲ್ಲಿ ಒಂದನ್ನಷ್ಟೇ ಕೂದಲೆಳೆಯಷ್ಟು ತಿರುಗಿಸಬೇಕಾಯಿತು.